ಗವರ್ನರನ ಜುಟ್ಟು ಯಾರ ಕೈಯಲ್ಲಿತ್ತು?

ಪದವಿ ತರಗತಿಗಳಿಗೆ ಇಪ್ಪತ್ತೆರಡು ವರ್ಷಗಳಿಂದ ಇತಿಹಾಸ ಪಾಠ ಮಾಡುತ್ತಿದ್ದೇನೆ. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಕಾರಣಗಳನ್ನು ಕೇಳಿದರೆ ಉತ್ತರಪತ್ರಿಕೆಗಳಲ್ಲಿ ಪ್ರತಿ ವರ್ಷವೂ ಒಂದೇ ವಾಕ್ಯ: ‘ಬ್ರಿಟನ್ ವಿಪರೀತ ತೆರಿಗೆ ಹೇರಿತು, ಜನ ಬಂಡೆದ್ದರು.’ ಗೈಡುಗಳಲ್ಲಿ ಹಾಗೆಯೇ ಇದೆ, ಮಕ್ಕಳನ್ನು ದೂರುವಂತಿಲ್ಲ. ಆದರೆ 1764ರಲ್ಲಿ ವಿದೇಶಿ ಕಾಕಂಬಿಯ ಮೇಲಿನ ಸುಂಕವನ್ನು ಲಂಡನ್ ಅರ್ಧಕ್ಕೆ ಇಳಿಸಿತ್ತು. 1773ರ ಕಾಯ್ದೆಯಿಂದ ಚಹಾ ಅಗ್ಗವಾಗುವುದಿತ್ತು. ಜನ ರೊಚ್ಚಿಗೆದ್ದದ್ದು ಈ ಎರಡರ ಮೇಲೆಯೇ. ಹಾಗಿದ್ದರೆ ಜಗಳ ಯಾವುದಕ್ಕಾಗಿ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ತರಗತಿಯನ್ನು ಮೊದಲು 1728ರ ಬಾಸ್ಟನ್ ನಗರಕ್ಕೆ ಕರೆದೊಯ್ಯುತ್ತೇನೆ. ಆ ವರ್ಷ ವಿಲಿಯಂ ಬರ್ನೆಟ್ ಎಂಬಾತ ಮ್ಯಾಸಚೂಸೆಟ್ಸ್ ವಸಾಹತಿಗೆ ಗವರ್ನರನಾಗಿ ಬಂದ. ತನಗೆ ವರ್ಷಕ್ಕೆ 1,000 ಪೌಂಡುಗಳ ಕಾಯಂ ಸಂಬಳ ಗೊತ್ತುಪಡಿಸಬೇಕು ಎಂಬ ರಾಜಾಜ್ಞೆ ಅವನ ಕೈಯಲ್ಲಿತ್ತು. ವಸಾಹತಿನ ಶಾಸನಸಭೆ ಹಣ ಕೊಡಲು ಹಿಂದೆಗೆಯಲಿಲ್ಲ. ‘ಈ ವರ್ಷಕ್ಕೆ ಇಷ್ಟು ಕೊಡುತ್ತೇವೆ, ಮುಂದಿನ ವರ್ಷದ್ದನ್ನು ಮುಂದಿನ ವರ್ಷ ನೋಡೋಣ’ ಎಂಬುದು ಅದರ ನಿಲುವು. ಬರ್ನೆಟ್ ಆ ಹಣವನ್ನು ಮುಟ್ಟಲಿಲ್ಲ. ಬಾಸ್ಟನ್ ಜನರ ಬೆಂಬಲದಿಂದ ಸದಸ್ಯರು ಹಟ ಹಿಡಿದಿದ್ದಾರೆಂದು ಸಭೆಯನ್ನೇ ಅದೇ ವಸಾಹತಿನ ಸೇಲಂ ಊರಿಗೆ ಎತ್ತಂಗಡಿ ಮಾಡಿದ. ಆದರೂ ಸದಸ್ಯರು ಜಗ್ಗಲಿಲ್ಲ. 1729ರಲ್ಲಿ ಬರ್ನೆಟ್ ತೀರಿಕೊಂಡ, ಕಾಯಂ ಸಂಬಳ ಮಾತ್ರ ಮಂಜೂರಾಗಲೇ ಇಲ್ಲ.

ಲಂಡನ್ನಿನಿಂದ ಗವರ್ನರ್ ಬರುತ್ತಾನೆ, ಅವನ ಹಿಂದೆ ಇಡೀ ಸಾಮ್ರಾಜ್ಯವಿದೆ. ಆದರೆ ಅವನ ಮನೆಯ ಒಲೆ ಉರಿಯಬೇಕಾದರೆ ಸ್ಥಳೀಯ ರೈತರು, ವರ್ತಕರು ಕುಳಿತ ಸಭೆ ಒಪ್ಪಬೇಕು. ಜುಟ್ಟು ಸಭೆಯ ಕೈಯಲ್ಲಿತ್ತು. ಎಲ್ಲ ವಸಾಹತುಗಳಲ್ಲೂ ಹೀಗಿರಲಿಲ್ಲ. ವರ್ಜೀನಿಯಾದಲ್ಲಿ ತಂಬಾಕಿನ ಮೇಲಿನ ಕಾಯಂ ಸುಂಕವೇ ಗವರ್ನರನನ್ನು ಸಾಕುತ್ತಿತ್ತು. ಆದರೆ ತೆರಿಗೆಗೆ ಒಪ್ಪಿಗೆ ಕೊಡುವ ಹಕ್ಕು ತಮ್ಮ ಸಭೆಯದೇ ಎಂಬ ನಂಬಿಕೆ ಹದಿಮೂರು ವಸಾಹತುಗಳಲ್ಲೂ ಬೇರೂರಿತ್ತು.

ಈ ನಂಬಿಕೆ ಅಮೆರಿಕದ ಮಣ್ಣಿನಲ್ಲಿ ಹುಟ್ಟಿದ್ದಲ್ಲ, ಇಂಗ್ಲೆಂಡಿನಿಂದಲೇ ಹಡಗು ಹತ್ತಿ ಬಂದದ್ದು. 1606ರಲ್ಲಿ ಮೊದಲನೆಯ ಜೇಮ್ಸ್ ದೊರೆ ಕೊಟ್ಟ ವರ್ಜೀನಿಯಾ ಸನ್ನದಿನಲ್ಲಿ, ಅಲ್ಲಿಗೆ ಹೋಗಿ ನೆಲೆಸುವವರಿಗೂ ಅವರ ಮಕ್ಕಳಿಗೂ ಇಂಗ್ಲೆಂಡಿನಲ್ಲೇ ಹುಟ್ಟಿದವರಿಗಿರುವ ಎಲ್ಲ ಹಕ್ಕುಗಳೂ ಇರುತ್ತವೆ ಎಂಬ ಮಾತಿದೆ. 1607ರಲ್ಲಿ ಜೇಮ್ಸ್‌ಟೌನ್ ನೆಲೆ ಎದ್ದಿತು. 1619ರಲ್ಲಿ ಅಲ್ಲಿ ಮೊದಲ ಜನಪ್ರತಿನಿಧಿ ಸಭೆ ಸೇರಿತು. ಅದೇ ಶತಮಾನದಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು, ತನ್ನ ಒಪ್ಪಿಗೆಯಿಲ್ಲದೆ ಹಣ ಎತ್ತಲು ಹೋದ ದೊರೆಯ ವಿರುದ್ಧ ಯುದ್ಧವನ್ನೇ ಹೂಡಿತು. ಆ ಪಾಠವನ್ನು ಮನೆಪಾಠದಂತೆ ಕಲಿತ ವಸಾಹತುಗಾರರು ಮುಂದೆ ಅದನ್ನು ಪಾರ್ಲಿಮೆಂಟಿಗೇ ಒಪ್ಪಿಸಿದರು. ಅವರು ಅಪ್ಪಟ ಇಂಗ್ಲಿಷರಾಗಿದ್ದರಿಂದಲೇ ಬ್ರಿಟನ್ನಿಗೆ ತಿರುಗಿಬಿದ್ದರು ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಹಾಗಾದರೆ ನೂರೈವತ್ತು ವರ್ಷ ಜಗಳವೇ ಆಗಲಿಲ್ಲವೇ? ಹೊತ್ತಿ ಉರಿಯುವಷ್ಟು ಆಗಲಿಲ್ಲ. ಅದಕ್ಕೆ ಕಾಕಂಬಿಯ ಕಥೆ ನೋಡಬೇಕು. ನ್ಯೂ ಇಂಗ್ಲೆಂಡಿನ, ಅಂದರೆ ಮ್ಯಾಸಚೂಸೆಟ್ಸ್ ಮತ್ತು ಅದರ ನೆರೆಯ ವಸಾಹತುಗಳ, ಭಟ್ಟಿಗಳು ಕೆರಿಬಿಯನ್ ದ್ವೀಪಗಳ ಕಾಕಂಬಿಯಿಂದ ರಮ್ ಇಳಿಸುತ್ತಿದ್ದವು. ಫ್ರೆಂಚ್ ದ್ವೀಪಗಳದು ಅಗ್ಗ. ಬ್ರಿಟಿಷ್ ದ್ವೀಪಗಳ ತೋಟದ ಮಾಲೀಕರನ್ನು ಕಾಪಾಡಲು 1733ರಲ್ಲಿ ವಿದೇಶಿ ಕಾಕಂಬಿಗೆ ಗ್ಯಾಲನ್ನಿಗೆ 6 ಪೆನ್ಸ್ ಸುಂಕ ಬಿತ್ತು. ಬಹುತೇಕ ಯಾರೂ ಕಟ್ಟಲಿಲ್ಲ. ಸುಂಕದ ಅಧಿಕಾರಿಯ ಕೈ ಬೆಚ್ಚಗೆ ಮಾಡಿದರೆ ಪೀಪಾಯಿಗಳು ಸಲೀಸಾಗಿ ದಡ ಸೇರುತ್ತಿದ್ದವು. ಲಂಡನ್ನಿಗೂ ಇದು ಗೊತ್ತಿತ್ತು. ವ್ಯಾಪಾರ ನಡೆಯುತ್ತಿದೆಯಲ್ಲ ಎಂದು ಸುಮ್ಮನಿತ್ತು. ಮೂವತ್ತು ವರ್ಷ ಕಣ್ಣುಮುಚ್ಚಿ ಕುಳಿತ ಸರ್ಕಾರ 1764ರಲ್ಲಿ ಸುಂಕವನ್ನು 3 ಪೆನ್ಸ್‌ಗೆ ಇಳಿಸಿ, ವಸೂಲಿಗೆ ಕಟ್ಟುನಿಟ್ಟಾಗಿ ನಿಂತಿತು. ಹಡಗಿನ ಸರಕಿಗೆಲ್ಲ ಮುಚ್ಚಳಿಕೆ, ಪ್ರಮಾಣಪತ್ರ. ತಪ್ಪಿದರೆ ವಿಚಾರಣೆಯನ್ನು ದೂರದ ಹ್ಯಾಲಿಫ್ಯಾಕ್ಸ್‌ನ ನೌಕಾ ನ್ಯಾಯಾಲಯಕ್ಕೂ ಒಯ್ಯಬಹುದು, ಅಲ್ಲಿ ಜ್ಯೂರಿ ಇಲ್ಲ. ಊರಿನವರೇ ಕುಳಿತು ತೀರ್ಪು ಹೇಳುವುದು ಇಂಗ್ಲಿಷನೊಬ್ಬನ ಹುಟ್ಟುಹಕ್ಕು ಎಂದುಕೊಂಡವರಿಗೆ ಮೂರು ಪೆನ್ಸ್‌ಗಿಂತ ಇದು ಹೆಚ್ಚು ಉರಿಯಿತು.

ಲಂಡನ್ನಿನ ಕಡೆಯಿಂದಲೂ ನೋಡದಿದ್ದರೆ ಪಾಠ ಅರ್ಧವಾಗುತ್ತದೆ. ಫ್ರಾನ್ಸಿನ ವಿರುದ್ಧದ ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ನಿನ ತಲೆಯ ಮೇಲೆ ಸುಮಾರು 13 ಕೋಟಿ ಪೌಂಡ್ ಸಾಲವಿತ್ತು. ಅಮೆರಿಕದಲ್ಲಿ ಸುಮಾರು 10,000 ಸೈನಿಕರನ್ನು ಇರಿಸುವ ಯೋಜನೆಯಾಯಿತು. ಅದರ ಖರ್ಚಿನಲ್ಲಿ ಒಂದು ಪಾಲನ್ನಾದರೂ ಅಲ್ಲಿನವರು ಹೊರಲಿ ಎಂದು ಮಂತ್ರಿಗಳು ಕೇಳಿದ್ದರಲ್ಲಿ ಅನ್ಯಾಯವೇನೂ ನನಗೆ ಕಾಣುವುದಿಲ್ಲ. 1765ರ ಸ್ಟಾಂಪ್ ಕಾಯ್ದೆ ಬಂದದ್ದು ಹೀಗೆ. ನಮ್ಮ ಛಾಪಾ ಕಾಗದದ ಹಾಗೆ, ಕರಾರುಪತ್ರ, ಪತ್ರಿಕೆ, ಪಂಚಾಂಗ ಎಲ್ಲಕ್ಕೂ ಸರ್ಕಾರಿ ಮುದ್ರೆಯ ಕಾಗದ ಕಡ್ಡಾಯ. ಒಂದು ಕಟ್ಟು ಇಸ್ಪೀಟಿಗೆ 1 ಷಿಲಿಂಗ್, ಒಂದು ಜೊತೆ ದಾಳಕ್ಕೆ 10 ಷಿಲಿಂಗ್. ಇಂಗ್ಲೆಂಡಿನ ಜನ 1694ರಿಂದಲೇ ಇಂಥ ತೆರಿಗೆ ಕಟ್ಟುತ್ತಿದ್ದರು.

‘ನಿಮ್ಮ ಪರವಾಗಿ ಪಾರ್ಲಿಮೆಂಟು ಒಪ್ಪಿದೆಯಲ್ಲ?’ ಎಂದು ಲಂಡನ್ ಕೇಳಿತು. ಇಡೀ ಸಾಮ್ರಾಜ್ಯದ ಪರವಾಗಿ ಪಾರ್ಲಿಮೆಂಟಿನ ಪ್ರತಿಯೊಬ್ಬ ಸದಸ್ಯನೂ ಯೋಚಿಸುತ್ತಾನೆ, ಮತ ಹಾಕಿದ್ದೀರೋ ಇಲ್ಲವೋ ಮುಖ್ಯವಲ್ಲ ಎಂಬುದು ಅವರ ವಾದ. ಇಂಗ್ಲೆಂಡಿನದೇ ಮ್ಯಾಂಚೆಸ್ಟರ್ ನಗರಕ್ಕೆ ಪ್ರತಿನಿಧಿ ಇರಲಿಲ್ಲ. ಜನವಸತಿಯೇ ಅಳಿದುಹೋಗಿದ್ದ ಓಲ್ಡ್ ಸೇರಂ ಕ್ಷೇತ್ರಕ್ಕೆ ಇಬ್ಬರಿದ್ದರು. ಬಾಸ್ಟನ್ನಿನವನಿಗೆ ಇದು ಅರ್ಥವೇ ಆಗದ ಮಾತು. ಅವನ ಪ್ರತಿನಿಧಿ ಅವನ ಬೀದಿಯವನು, ಊರಸಭೆಯಲ್ಲಿ ಜನ ಎದ್ದು ನಿಂತು ‘ಹೀಗೆ ಮತ ಹಾಕಿ ಬಾ’ ಎಂದು ಹೇಳಿ ಕಳಿಸಿದವನು. ಒಂದೇ ಭಾಷೆಯ ಒಂದೇ ಪದ ಸಾಗರದ ಎರಡು ದಡಗಳಲ್ಲಿ ಎರಡು ಅರ್ಥ ಪಡೆದಿತ್ತು. 1766ರಲ್ಲಿ ಕಾಯ್ದೆ ರದ್ದಾಯಿತು. ಅದೇ ಉಸಿರಿನಲ್ಲಿ, ಎಲ್ಲ ವಿಷಯಗಳಲ್ಲೂ ವಸಾಹತುಗಳಿಗೆ ಶಾಸನ ಮಾಡುವ ಅಧಿಕಾರ ತನಗಿದೆ ಎಂದು ಪಾರ್ಲಿಮೆಂಟು ಘೋಷಿಸಿಕೊಂಡಿತು.

ಮರುವರ್ಷ ಖಜಾನೆ ಮಂತ್ರಿ ಚಾರ್ಲ್ಸ್ ಟೌನ್‌ಷೆಂಡ್ ಗಾಜು, ಸೀಸ, ಬಣ್ಣ, ಕಾಗದ, ಚಹಾಗಳಿಗೆ ಸುಂಕ ಹಾಕಿದ. ವಿದ್ಯಾರ್ಥಿಗಳು ಈ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ, ಹಣ ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳುವುದಿಲ್ಲ. ಅವಶ್ಯವಿದ್ದೆಡೆ ಗವರ್ನರುಗಳ, ನ್ಯಾಯಾಧೀಶರ ಸಂಬಳಕ್ಕೆ! ಬರ್ನೆಟ್‌ಗೆ ದಕ್ಕದೆ ಹೋದದ್ದನ್ನು ಶಾಸನಸಭೆಯನ್ನು ಕೇಳದೆಯೇ ಪಡೆಯುವ ದಾರಿ ಅದು. 1770ರಲ್ಲಿ ಮಿಕ್ಕೆಲ್ಲ ಸುಂಕ ತೆಗೆದರೂ ಚಹಾದ ಮೇಲಿನ 3 ಪೆನ್ಸ್ ಉಳಿಯಿತು. 1772ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಥಾಮಸ್ ಹಚಿನ್‌ಸನ್, ಇನ್ನು ಮುಂದೆ ತನ್ನ ಸಂಬಳ ದೊರೆಯಿಂದಲೇ ಬರುತ್ತದೆ ಎಂದು ಸಭೆಗೆ ತಿಳಿಸಿದ. ನ್ಯಾಯಾಧೀಶರಿಗೂ ಹಾಗೆಯೇ ಎಂಬ ಸುದ್ದಿ ಬಂದಾಗ, ನವೆಂಬರಿನಲ್ಲಿ ಸ್ಯಾಮ್ಯುಯೆಲ್ ಆಡಮ್ಸ್ ಬಾಸ್ಟನ್ ಊರಸಭೆಯಲ್ಲಿ ಪತ್ರವ್ಯವಹಾರ ಸಮಿತಿ ಕಟ್ಟಿಸಿದ. ಊರಿಂದೂರಿಗೆ ಪತ್ರ ಹಬ್ಬಿಸಿದ ಈ ಜಾಲವೇ ಮುಂದಿನ ಹೋರಾಟದ ನರಮಂಡಲ.

ಅಷ್ಟರಲ್ಲಿ ಈಸ್ಟ್ ಇಂಡಿಯಾ ಕಂಪನಿ ದಿವಾಳಿಯ ಅಂಚಿಗೆ ಬಂದಿತ್ತು. 1769ರಲ್ಲಿ ಹೈದರಾಲಿಯ ಸೇನೆ ಮದರಾಸಿನ ಹೆಬ್ಬಾಗಿಲವರೆಗೆ ನುಗ್ಗಿ ತನ್ನ ಷರತ್ತಿನ ಮೇಲೆ ಸಂಧಿ ಮಾಡಿಕೊಂಡಿತ್ತು. ಆ ಯುದ್ಧದ ಸುದ್ದಿ ಮುಟ್ಟಿದಾಗ ಲಂಡನ್ನಿನಲ್ಲಿ ಕಂಪನಿಯ ಷೇರು ಕುಸಿಯಿತು. 1770ರ ಬಂಗಾಳದ ಭೀಕರ ಕ್ಷಾಮ ಅದರ ಬೆನ್ನಿಗೇ ಬಂತು. ಮೈಸೂರಿನ ಯುದ್ಧವೇ ಬಾಸ್ಟನ್ ದಂಗೆಗೆ ಕಾರಣ ಎನ್ನುವುದು ಉತ್ಪ್ರೇಕ್ಷೆ. ಆದರೆ ಕಂಪನಿಯ ಸಂಕಟದ ಲೆಕ್ಕದಲ್ಲಿ ನಮ್ಮ ನಾಡಿನದೂ ಒಂದು ಬಾಬತ್ತಿದೆ. ಉಗ್ರಾಣದಲ್ಲಿ ಕೊಳೆಯುತ್ತಿದ್ದ ಚೀನಾದ ಚಹಾವನ್ನು ಅಮೆರಿಕದಲ್ಲಿ ನೇರವಾಗಿ ಮಾರಲು ಕಂಪನಿಗೆ 1773ರಲ್ಲಿ ಅನುಮತಿ ಸಿಕ್ಕಿತು. ಬಾಸ್ಟನ್ನಿನಲ್ಲಿ ಅದರ ಮಾರಾಟದ ಹಕ್ಕು ಪಡೆದವರಲ್ಲಿ ಹಚಿನ್‌ಸನ್‌ನ ಇಬ್ಬರು ಮಕ್ಕಳಿದ್ದರು. ಅಗ್ಗದ ಚಹಾ ಕೊಂಡವರು ಸುಂಕ ಕೊಟ್ಟಂತೆ, ಆ ಸುಂಕದಿಂದ ಗವರ್ನರನ ಸಂಬಳ ಹೊರಟಂತೆ. ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ಪ್ರತಿಭಟನಕಾರರ ಕೈಯಿಂದ 342 ಚಹಾ ಪೆಟ್ಟಿಗೆಗಳು ನೀರುಪಾಲಾದವು.

ಒಂದು ಮಾತನ್ನು ನಾನು ತರಗತಿಯಲ್ಲಿ ಎಂದೂ ಬಿಡುವುದಿಲ್ಲ. ಆ ಕಾಕಂಬಿಯನ್ನು ಕಾಯಿಸಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. 1763ರಲ್ಲಿ ದೊರೆ ಅಪಲೇಷಿಯನ್ ಬೆಟ್ಟಸಾಲಿನಾಚೆ ನೆಲೆಸಬಾರದೆಂದು ಗೆರೆ ಎಳೆದಾಗ ಸಿಟ್ಟಾದ ವಸಾಹತುಗಾರರು, ಆ ನೆಲ ಮೂಲನಿವಾಸಿಗಳದು ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಒಪ್ಪಿಗೆಯ ಹಕ್ಕಿಗಾಗಿ ಪ್ರಾಣ ಕೊಡಲು ಸಿದ್ಧರಾದವರು ಇವರಿಬ್ಬರ ಒಪ್ಪಿಗೆಯನ್ನು ಕೇಳಲೇ ಇಲ್ಲ. ಇದನ್ನು ಹೇಳುವಾಗ ಪ್ರತಿ ಬಾರಿಯೂ ನನ್ನ ಮನಸ್ಸು ಭಾರವಾಗುತ್ತದೆ.

ಘಟಕದ ಕೊನೆಯ ದಿನ 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ದೊರೆಯ ಮೇಲೆ ಹೊರಿಸಿದ ದೂರುಗಳ ಪಟ್ಟಿಯನ್ನು ಎಲ್ಲರಿಂದ ಓದಿಸುತ್ತೇನೆ. ‘ತೆರಿಗೆ ಎಲ್ಲಿದೆ, ಹುಡುಕಿ’ ಎನ್ನುತ್ತೇನೆ. ಬೆರಳುಗಳು ಸಾಲಿನಿಂದ ಸಾಲಿಗೆ ಇಳಿಯುತ್ತವೆ, ಇಳಿಯುತ್ತಲೇ ಇರುತ್ತವೆ. ಅದು ಬಹಳ ಕೆಳಗಿದೆ. ಅದಕ್ಕೂ ಎಷ್ಟೋ ಮೇಲೆ, ನ್ಯಾಯಾಧೀಶರ ಸಂಬಳವನ್ನು ದೊರೆ ತನ್ನ ಇಚ್ಛೆಗೆ ಕಟ್ಟಿಹಾಕಿದ ಎಂಬ ದೂರಿದೆ. ಇನ್ನೂ ಮೇಲೆ, ನಾಲ್ಕನೆಯದಾಗಿ, ಶಾಸನಸಭೆಗಳನ್ನು ದೂರದ, ಅನನುಕೂಲದ ಜಾಗಗಳಲ್ಲಿ ಸೇರಿಸಿ ಸದಸ್ಯರನ್ನು ದಣಿಸಿದ ಎಂಬ ದೂರು. ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ‘ಸೇಲಂ, 1728’ ಎಂದು ಬರೆದುಕೊಳ್ಳಲು ಹೇಳುತ್ತೇನೆ.