ನೊರೆ ಬರೆಯುವ ಗೆರೆಗಳು

ಮಳೆಗಾಲ ಶುರುವಾದರೆ ಸಾಕು, ಜೋಗ, ಅಬ್ಬಿ, ಹೆಬ್ಬೆಗಳ ಚಿತ್ರಗಳು ಮೊಬೈಲಿಗೆ ಬಂದು ಬೀಳುತ್ತವೆ. ಎಷ್ಟೋ ಚಿತ್ರಗಳಲ್ಲಿ ನೀರೇ ಇರುವುದಿಲ್ಲ, ಬಂಡೆಗಳ ನಡುವೆ ಬರೀ ಬಿಳುಪು. ಶಟರ್ ಹೆಚ್ಚು ಹೊತ್ತು ತೆರೆದಿಟ್ಟಷ್ಟೂ ಚಿತ್ರ ಚೆನ್ನ ಎಂಬ ನಂಬಿಕೆ ಹೇಗೋ ಬೇರೂರಿಬಿಟ್ಟಿದೆ.

ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್‌ಗೆ ಚಲನೆ ಗೊತ್ತಿಲ್ಲ, ಕೂಡಿಸುವುದಷ್ಟೇ ಗೊತ್ತು. ರಾತ್ರಿ ಗಲ್ಲಾಪೆಟ್ಟಿಗೆ ತೆರೆದರೆ ದಿನದ ಮೊತ್ತ ಸಿಗುತ್ತದೆ, ಯಾವ ನೋಟು ಯಾವಾಗ ಬಂತೆಂಬುದು ಸಿಗುವುದಿಲ್ಲ. ಪ್ರತಿ ಪಿಕ್ಸೆಲ್ಲೂ ಅಂಥದ್ದೇ ಪೆಟ್ಟಿಗೆ. ನೊರೆಯ ಒಂದು ತುಣುಕು ಹಾದುಹೋದರೆ ಅದರ ದಾರಿ ಗೆರೆಯಾಗಿ ಉಳಿಯುತ್ತದೆ. ಅರ್ಧ ಸೆಕೆಂಡಿನಲ್ಲಿ ಗೆರೆಗಳು ಬಿಡಿಬಿಡಿಯಾಗಿರುತ್ತವೆ. ಮೂವತ್ತು ಸೆಕೆಂಡಿನಲ್ಲಿ ಒಂದರ ಮೇಲೊಂದು ಬಿದ್ದು ಎಲ್ಲವೂ ಸರಾಸರಿಯಾಗುತ್ತದೆ. ಆಗಲೂ ಅಳಿಯದೆ ಉಳಿಯುವುದು ಮುಳುಗಿದ ಬಂಡೆಯ ಹಿಂದೆ ನಿಂತಲ್ಲೇ ನಿಲ್ಲುವ ಅಲೆ. ಅಲ್ಲಿ ನೀರು ಬದಲಾಗುತ್ತಲೇ ಇರುತ್ತದೆ, ಆಕಾರ ಬದಲಾಗುವುದಿಲ್ಲ.

ಜರ್ಮನಿಯ ವಿಜ್ಞಾನಿ ಲುಡ್ವಿಗ್ ಪ್ರಾಂಟಲ್ ಇಂಥ ಚಿತ್ರಗಳನ್ನೇ ವಿಜ್ಞಾನವಾಗಿಸಿದ. ಕೈಯಲ್ಲಿ ಚಕ್ರ ತಿರುಗಿಸಿ ತೊಟ್ಟಿಯಲ್ಲಿ ನೀರು ಹರಿಸಿದ, ಅದರೊಳಗೆ ಹೊಳೆಯುವ ಖನಿಜದ ಚೂರು ಬೆರೆಸಿ ಫೋಟೊ ತೆಗೆದ. ಗೋಡೆಗೆ ತಾಗಿದ ತೆಳು ಪದರದಲ್ಲಿ ಹರಿವು ಹೇಗೆ ನಿಧಾನವಾಗುತ್ತದೆಂಬ ಅವನ 1904ರ ಪ್ರಬಂಧದ ಮೇಲೆಯೇ ಇಂದಿನ ವಿಮಾನಶಾಸ್ತ್ರ ನಿಂತಿದೆ. ಹೊಳೆಯಲ್ಲಿ ಆ ಚೂರುಗಳ ಕೆಲಸವನ್ನು ನೊರೆ ಮಾಡುತ್ತದೆ. ಗೆರೆಯ ಉದ್ದವನ್ನು ಶಟರ್ ಸಮಯದಿಂದ ಭಾಗಿಸಿದರೆ ನೀರಿನ ವೇಗವೇ ಸಿಕ್ಕೀತು!

ಹಾಗಾದರೆ ಎಷ್ಟು ಹೊತ್ತು? ವೇಗವೊಂದನ್ನೇ ನೋಡಿದರೆ ಮೋಸಹೋಗುತ್ತೀರಿ. ಕಾಲಬುಡದ ಹಳ್ಳದಲ್ಲಿ ಒಂದು ಮೀಟರ್ ಅಗಲದ ದೃಶ್ಯ ಹಿಡಿದಿದ್ದೀರಿ, ನೀರು ಸೆಕೆಂಡಿಗೆ ಒಂದು ಮೀಟರ್ ಓಡುತ್ತಿದೆ ಎನ್ನಿ. ಅರ್ಧ ಸೆಕೆಂಡಿಗೆ ಗೆರೆ ಚಿತ್ರದ ಅರ್ಧ ಅಗಲ ದಾಟುತ್ತದೆ. ಜೋಗದ ನೀರು ಅದರ ಹತ್ತು ಪಟ್ಟು ವೇಗದಲ್ಲಿ ಬಿದ್ದರೂ ಅಷ್ಟೇ ಹೊತ್ತಿಗೆ ಐದು ಮೀಟರ್. 253 ಮೀಟರ್ ಎತ್ತರದಲ್ಲಿ ಅದು ಐವತ್ತರಲ್ಲೊಂದು ಪಾಲು. ವೇಗದ ಜೋಗಕ್ಕೆ ಎರಡು ಸೆಕೆಂಡ್ ಬೇಕಾದೀತು, ಮೆಲ್ಲನೆ ಹರಿಯುವ ಹಳ್ಳಕ್ಕೆ ಕಾಲು ಸೆಕೆಂಡೇ ಸಾಕು.

ಆ ಸಮಯ ಸಿಗಲೆಂದು ಅಪರ್ಚರನ್ನು, ಅಂದರೆ ಲೆನ್ಸಿನ ಬೆಳಕಿನ ಕಿಂಡಿಯನ್ನು, ಎಫ್ 22ಕ್ಕೆ ಮುಚ್ಚುವವರಿದ್ದಾರೆ (ಎಫ್ ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು, ಶಟರ್ ಹೆಚ್ಚು ಹೊತ್ತು ತೆರೆದಿಡಬೇಕು). ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುತ್ತದೆ: ಎಫ್ 8ರಲ್ಲಿ ಸುಮಾರು 11 ಮೈಕ್ರಾನ್ ಇದ್ದ ಬೆಳಕಿನ ಚುಕ್ಕೆ 22ರಲ್ಲಿ 30 ಮೈಕ್ರಾನ್ ಆಗುತ್ತದೆ. ನೀರು ನಯವಾಗಲೆಂದು ಹೋಗಿ ಬಂಡೆಯನ್ನೂ ಮಸುಕು ಮಾಡಿಕೊಂಡಂತಾಯಿತು. ಅದರ ಬದಲು ಲೆನ್ಸಿನ ಮುಂದೆ ಕಪ್ಪು ಗಾಜಿನ ಎನ್‌ಡಿ ಫಿಲ್ಟರ್ ಹಾಕಬಹುದು, ಅದರ ಒಂದೊಂದು ಸ್ಟಾಪೂ ಬೆಳಕನ್ನು ಅರ್ಧ ಮಾಡುತ್ತದೆ. ಆರು ಸ್ಟಾಪಿನ ಎನ್‌ಡಿ ಫಿಲ್ಟರ್ ಬೆಳಕನ್ನು 64ರಲ್ಲೊಂದು ಪಾಲಿಗೆ ಇಳಿಸುವುದರಿಂದ 1/30 ಸೆಕೆಂಡ್ ಎರಡಾಗುತ್ತದೆ. ಫಿಲ್ಟರ್ ಇಲ್ಲವೇ? ಟ್ರೈಪಾಡ್ ಅಲುಗಿಸದೆ ಒಂದರ ಹಿಂದೊಂದು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಸರಾಸರಿ ಮಾಡಿ. ಕೂಡಿಸುವ ಕೆಲಸ ಎಲ್ಲಿ ನಡೆದರೇನು? ಹದಿನಾರು ಚಿತ್ರಗಳ ಸರಾಸರಿಯಲ್ಲಿ ನಾಯ್ಸ್, ಅಂದರೆ ಚಿತ್ರದ ಕಾಳುಕಾಳಾದ ಕಲೆ, ಕಾಲು ಭಾಗಕ್ಕಿಳಿಯುವುದು ಮೇಲಿನ ಲಾಭ.

ಬಿಸಿಲಿದ್ದರೆ ನೊರೆ ಬೆಳ್ಳಗೆ ಸುಟ್ಟುಹೋಗುತ್ತದೆ, ಮೋಡವಿದ್ದಾಗಲೇ ಹೋಗಿ. ಗಾಳಿಗೆ ದಡದ ಎಲೆಗಳು ಕದಡಿದರೆ ಅವುಗಳಿಗೆಂದೇ ವೇಗದ ಶಟರಿನಲ್ಲಿ ಇನ್ನೊಂದು ಚಿತ್ರ ತೆಗೆದು ಆಮೇಲೆ ಜೋಡಿಸಬಹುದು. ಅದು ಫೋಟೊಗ್ರಫಿಯೇ ಅಲ್ಲ ಎಂದು ಮೂಗು ಮುರಿಯುವವರು, 1850ರ ದಶಕದಲ್ಲೇ ಕಡಲಿಗೊಂದು ಆಕಾಶಕ್ಕೊಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಹಾಳೆಯಲ್ಲಿ ಮುದ್ರಿಸಿದ ಫ್ರಾನ್ಸಿನ ಗುಸ್ತಾವ್ ಲ ಗ್ರೇಯನ್ನು ಏನೆಂದು ಕರೆಯುತ್ತಾರೋ!