ವೆನಿಸ್‌ನಲ್ಲಿ ಓಡಾಡಲು ದಿನಾ ದೋಣಿ ಹತ್ತಲೇಬೇಕಾ?

ಪ್ರಶ್ನೆ: ಮೇ ತಿಂಗಳಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ನಾವಿಬ್ಬರೂ ಮೂರು ದಿನ ವೆನಿಸ್‌ನಲ್ಲಿ ಇರುತ್ತೇವೆ. ಅಲ್ಲಿ ರಸ್ತೆಗಳೇ ಇಲ್ಲವಂತೆ, ಎಲ್ಲಿಗೆ ಹೋಗಬೇಕಾದರೂ ಗೊಂಡೊಲಾ ಬೇಕಂತೆ. ನಾಲ್ಕು ಜನಕ್ಕೆ ದಿನಕ್ಕೆ ದೋಣಿ ಖರ್ಚು ಎಷ್ಟು ಹಿಡಿಯಬೇಕು?

ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಎಷ್ಟು ಸಲ ಉತ್ತರಿಸಿದರೂ ಮುಂದಿನ ಬೇಸಿಗೆಗೆ ಮತ್ತೆ ಬಾಗಿಲು ತಟ್ಟುತ್ತದೆ. ಖರ್ಚಿನ ಲೆಕ್ಕ ಆಮೇಲೆ ಹೇಳುತ್ತೇನೆ. ಮೊದಲು ಆ "ರಸ್ತೆಗಳೇ ಇಲ್ಲ" ಅನ್ನುವುದನ್ನು ಬೇರು ಸಮೇತ ಕಿತ್ತುಹಾಕೋಣ.

ವೆನಿಸ್‌ನ ಹಳೇ ಊರಲ್ಲಿ ಇಲ್ಲದಿರುವುದು ಕಾರು, ಬಸ್ಸು, ಸ್ಕೂಟರ್. ಸೈಕಲ್ ತುಳಿಯುವುದಕ್ಕೂ ಬಿಡುವುದಿಲ್ಲ. ನಡೆಯುವ ದಾರಿ ಮಾತ್ರ ಮನೆಮನೆಗೂ ಇದೆ. ನೂರಕ್ಕೂ ಮೀರಿದ ಪುಟ್ಟ ದ್ವೀಪಗಳನ್ನು 400ಕ್ಕೂ ಹೆಚ್ಚು ಸೇತುವೆಗಳು ಹೊಲಿದು ಒಂದೂರು ಮಾಡಿವೆ. ಸಾಂತಾ ಲೂಚಿಯಾ ರೈಲು ನಿಲ್ದಾಣದಲ್ಲಿ ಇಳಿದು ಸಾನ್ ಮಾರ್ಕೊ ಚೌಕಕ್ಕೆ ಅಲ್ಲಿ ಇಲ್ಲಿ ನಿಂತು ನೋಡುತ್ತಾ ಹೋದರೂ ಮುಕ್ಕಾಲು ಗಂಟೆ ಸಾಕು. ನಡುವೆ ಒಂದು ದೋಣಿಯೂ ಬೇಕಿಲ್ಲ. ತಿರುವು ತಿರುವಿನಲ್ಲೂ ಗೋಡೆ ಮೇಲೆ "ರಿಯಾಲ್ಟೊಗೆ", "ಸಾನ್ ಮಾರ್ಕೊಗೆ", "ರೈಲು ನಿಲ್ದಾಣಕ್ಕೆ" ಎಂಬ ಹಳದಿ ಫಲಕಗಳಿರುತ್ತವೆ. ಅಲ್ಲಿನ ಮಕ್ಕಳು ಶಾಲೆಗೆ ಹೋಗುವುದು, ಅಜ್ಜಿಯರು ಚಕ್ರದ ಚೀಲ ಎಳೆದುಕೊಂಡು ತರಕಾರಿ ತರುವುದು ಎಲ್ಲಾ ಕಾಲ್ನಡಿಗೆಯಲ್ಲೇ.

ಹಾಗಾದರೆ ಈ ನಂಬಿಕೆ ಹುಟ್ಟಿದ್ದೆಲ್ಲಿ? ಪೂರಾ ಕಟ್ಟುಕಥೆಯೇನಲ್ಲ, ಕಾಲ ಮುಗಿದುಹೋದ ಸತ್ಯ. ಮುಖ್ಯಭೂಮಿಯಿಂದ ರೈಲು ಸೇತುವೆ ಬಂದದ್ದು 1846ರಲ್ಲಿ, ವಾಹನ ಬರುವ ಸೇತುವೆ 1933ರಲ್ಲಿ. ರೈಲು ಸೇತುವೆಗೆ ಮೊದಲು ಊರೊಳಗೆ ಕಾಲಿಡಬೇಕಾದರೆ ನೀರಿನ ಮೇಲೇ ಬರಬೇಕಿತ್ತು. ಊರನ್ನು ಎರಡಾಗಿ ಸೀಳುವ ದೊಡ್ಡ ಕಾಲುವೆಗೂ 1854ರವರೆಗೆ ಇದ್ದದ್ದು ರಿಯಾಲ್ಟೊ ಒಂದೇ ಸೇತುವೆ. ಈಗ ನಾಲ್ಕಿವೆ, ನಾಲ್ಕನೆಯದು ಆದದ್ದು 2008ರಲ್ಲಿ. ಇನ್ನೊಂದು ಕಾರಣವೂ ಇದೆ. ಅಲ್ಲಿನ ಶ್ರೀಮಂತರು ಮನೆಯ ಮುಂಬಾಗಿಲನ್ನು ನೀರಿನ ಕಡೆಗೇ ಇಟ್ಟುಕೊಂಡರು, ಅಲಂಕಾರವೆಲ್ಲಾ ಆ ಮುಖಕ್ಕೇ ಮಾಡಿಸಿದರು. ಫೋಟೊ ತೆಗೆಯುವವರೂ ನೀರಿನಿಂದಲೇ ತೆಗೆಯುತ್ತಾರೆ. ಅದೇ ಮನೆಯ ಹಿಂದೆ ಓಣಿಗೆ ತೆರೆಯುವ ಇನ್ನೊಂದು ಬಾಗಿಲಿದೆ. ಅದು ಯಾರ ಕ್ಯಾಲೆಂಡರಿನಲ್ಲೂ ಬರುವುದಿಲ್ಲ, ಹಾಗಾಗಿ ನಮ್ಮ ಮನಸ್ಸಿನಲ್ಲಿ ಓಣಿಯೇ ಇಲ್ಲದ ಊರು ಉಳಿದುಬಿಟ್ಟಿದೆ.

ಇನ್ನು ಗೊಂಡೊಲಾ. ಈಗ ಅದು ಸುತ್ತಾಟದ ದೋಣಿ. ಹಗಲಿನ ನಿಗದಿತ ದರ 30 ನಿಮಿಷಕ್ಕೆ 90 ಯೂರೊ, ಇಡೀ ದೋಣಿಗೆ, ತಲೆಗಲ್ಲ. ಸಾಮಾನ್ಯವಾಗಿ ಹತ್ತಿದ ಕಟ್ಟೆಗೇ ತಂದು ಇಳಿಸುತ್ತದೆ. ಆಸೆಯಿದ್ದರೆ ಒಮ್ಮೆ ಖಂಡಿತ ಹತ್ತಿ. ಎಡಭಾಗ ಬಲಭಾಗಕ್ಕಿಂತ ಅಗಲವಾಗಿಟ್ಟು, ಒಂದೇ ಹುಟ್ಟಿನಲ್ಲಿ ನೇರ ಸಾಗುವಂತೆ ಕಟ್ಟಿದ ಆ ದೋಣಿ ಬಡಗಿಗಳ ಜಾಣ್ಮೆಗೆ ಕೈಮುಗಿಯುವಂಥದ್ದು. ಆದರೆ ಅದನ್ನು ಓಡಾಟದ ಖರ್ಚಿಗೆ ಸೇರಿಸಬೇಡಿ. ದೊಡ್ಡ ಕಾಲುವೆಯ ಈ ದಡದಿಂದ ಆ ದಡಕ್ಕೆ ದಾಟಿಸುವ ಕಡವಿನ ದೋಣಿಯೂ ಉಂಟು, ಹೆಸರು ತ್ರಗೆತ್ತೊ. ಅದೂ ಗೊಂಡೊಲಾ ಜಾತಿಯದೇ, ಇಬ್ಬರು ಹುಟ್ಟು ಹಾಕುತ್ತಾರೆ, ತಲೆಗೆ 2 ಯೂರೊ.

ನಿಜವಾಗಿ ಬೇಕಾಗುವುದು ವಪೊರೆತ್ತೊ, ಅಂದರೆ ನೀರಿನ ಬಸ್ಸು. ಒಂದು ಟಿಕೆಟ್‌ಗೆ 9.50 ಯೂರೊ, 75 ನಿಮಿಷ ನಡೆಯುತ್ತದೆ. 24 ಗಂಟೆಯ ಪಾಸ್ 25 ಯೂರೊ, 72 ಗಂಟೆಯದು 45. ಮುರಾನೊ, ಬುರಾನೊ, ಲಿಡೊ ದ್ವೀಪಗಳಿಗೆ ಇದಿಲ್ಲದೆ ಆಗದು. ನೀವು ನಾಲ್ವರೂ ಗಟ್ಟಿಮುಟ್ಟಾಗಿದ್ದರೆ ಎರಡು ದಿನ ನಡೆದು, ಒಂದು ದಿನ ಪಾಸ್ ತೆಗೆದುಕೊಂಡು ದ್ವೀಪ ನೋಡಿ. ಮೂರು ದಿನಕ್ಕೂ ಸೇರಿ ನೂರು ಯೂರೊ. ಆದರೆ ಸೇತುವೆ ಅಂದರೆ ಮೆಟ್ಟಿಲು, ಹತ್ತಬೇಕು, ಇಳಿಯಬೇಕು, ಹತ್ತು ನಿಮಿಷಕ್ಕೆ ಇನ್ನೊಂದು. ಅಪ್ಪನಿಗೋ ಅಮ್ಮನಿಗೋ ಮಂಡಿನೋವಿದ್ದರೆ ಲೆಕ್ಕ ನೋಡದೆ ಅವರಿಬ್ಬರಿಗೂ 72 ಗಂಟೆಯ ಪಾಸ್ ಕೊಡಿಸಿ. 1ನೇ ನಂಬರಿನ ದೋಣಿ ದೊಡ್ಡ ಕಾಲುವೆಯುದ್ದಕ್ಕೂ ನಿಂತು ನಿಂತು ಹೋಗುತ್ತದೆ, ಅರಮನೆಗಳೆಲ್ಲಾ ಕೂತಲ್ಲೇ ಕಾಣುತ್ತವೆ. ಪ್ರತಿ ಸಲ ಹತ್ತುವ ಮುನ್ನ ಪಾಸನ್ನು ಯಂತ್ರಕ್ಕೆ ತೋರಿಸುವುದನ್ನು ಮರೆಯಬೇಡಿ, ಮರೆತರೆ ದಂಡ ಬೀಳಬಹುದು.

ನೀವು ಕೇಳದೇ ಇರುವ, ಆದರೆ ಕೇಳಬೇಕಾಗಿದ್ದ ಮಾತೊಂದಿದೆ: ಹೋಟೆಲ್ ಹುಡುಕುವುದು ಹೇಗೆ? ಅಲ್ಲಿ ಮನೆ ನಂಬರು ಬೀದಿಗೊಂದು ಸಾಲಿನಲ್ಲಿಲ್ಲ. ಊರಿಗೆ ಆರು ಭಾಗ, ಒಂದೊಂದು ಭಾಗಕ್ಕೆ ಒಂದೇ ಸರಣಿ. ಸಾನ್ ಮಾರ್ಕೊ ಭಾಗದ 1ನೇ ನಂಬರು ಡೋಜೆಯ, ಅಂದರೆ ಹಿಂದೆ ವೆನಿಸ್ ಆಳುತ್ತಿದ್ದ ಮುಖ್ಯಸ್ಥನ, ಅರಮನೆ; ಕ್ಯಾಸ್ಟೆಲ್ಲೊ ಭಾಗದಲ್ಲಿ ನಂಬರು 6,000 ದಾಟುತ್ತದೆ. ಬರೀ "ಕ್ಯಾಸ್ಟೆಲ್ಲೊ" ಮತ್ತು ನಂಬರು ಇಟ್ಟುಕೊಂಡು ಹೊರಟರೆ ಸೂಟ್‌ಕೇಸ್ ಹೊತ್ತು ಸೇತುವೆ ಸೇತುವೆ ಅಲೆಯಬೇಕು. ಕಾಲ್ಲೆ ದೆಲ್ ಫೋರ್ನೊ, ಅಂದರೆ ಬೇಕರಿ ಒಲೆಯ ಓಣಿ, ಊರಲ್ಲಿ ಹಲವಾರಿವೆ. ಆದ್ದರಿಂದ ಓಣಿಯ ಹೆಸರು, ಹತ್ತಿರದ ಕಾಂಪೊ ಅಂದರೆ ಬಯಲಿನ ಹೆಸರು, ಹತ್ತಿರದ ವಪೊರೆತ್ತೊ ನಿಲ್ದಾಣ, ಈ ಮೂರನ್ನೂ ಹೋಟೆಲಿನವರಿಂದ ಮೊದಲೇ ಬರೆಸಿಕೊಳ್ಳಿ.

ಓಣಿಯ ಹೆಸರನ್ನು ಗೋಡೆಯ ಮೇಲೆ ಬಿಳಿ ಚೌಕದಲ್ಲಿ ಬರೆದಿರುತ್ತಾರೆ. "ರಿಯೊ ತೆರಾ" ಎಂದಿದ್ದರೆ ಅದು ಹಿಂದೆ ಕಾಲುವೆಯಾಗಿದ್ದು ಮಣ್ಣು ತುಂಬಿ ಮುಚ್ಚಿದ ದಾರಿ. ಕ್ಯಾಸ್ಟೆಲ್ಲೊದ ಅಗಲವಾದ ಗರಿಬಾಲ್ಡಿ ಬೀದಿಯೂ ಹಾಗೆ ನೆಪೋಲಿಯನ್ ಕಾಲದಲ್ಲಿ ನೀರು ಮುಚ್ಚಿ ಆದದ್ದೇ. ಅಂಥ ದಾರಿಗಳು ಸಪಾಟಾಗಿ ಸಾಗುತ್ತವೆ. ಅಮ್ಮನನ್ನು ಸಂಜೆ ಅಲ್ಲೇ ವಾಕಿಂಗ್ ಕರೆದುಕೊಂಡು ಹೋಗಿ.