ಸಣ್ಣ ಅಣುವಿಗೆ ಆಗದ್ದು ದೊಡ್ಡ ಕಣಕ್ಕೆ ಹೇಗಾಗುತ್ತದೆ?

ಪ್ರಶ್ನೆ: ಕ್ಯಾನ್ಸರ್ ಔಷಧವನ್ನು ಪಾಲಿಮರ್ (ಸರಪಳಿಯಂತೆ ಕೂಡಿದ ಅಣುಗಳ ವಸ್ತು) ಕಣದಲ್ಲಿ ತುಂಬಿ ಕೊಟ್ಟರೆ ಜೀವಕೋಶದೊಳಕ್ಕೆ ಹೆಚ್ಚು ಸೇರುತ್ತದಂತೆ. ಆದರೆ ಕಣ ಔಷಧದ ಅಣುವಿಗಿಂತ ಎಷ್ಟೋ ದೊಡ್ಡದಲ್ಲವೇ?

ಉತ್ತರ: ದೊಡ್ಡದು ನಿಜ. ಸಣ್ಣ ಅಣುವಿಗೆ ಕಷ್ಟವಾಗುವುದು ಒಳಗೆ ಹೋಗುವುದಲ್ಲ, ಒಳಗೆ ಉಳಿಯುವುದು. ಡಾಕ್ಸೊರುಬಿಸಿನ್ ನೋಡಿ. ಡ್ರಿಪ್ಪಿನಲ್ಲಿ ಕೆಂಪಗೆ ಇಳಿಯುವ ಔಷಧ. ಆಮೇಲೆ ಮೂತ್ರವೂ ಕೆಂಪಾದಾಗ ಮನೆಯವರಿಗೆ ಗಾಬರಿಯಾಗುತ್ತದೆ. ಇದರ ಅಣು ಕೋಶದ ಪೊರೆಯನ್ನು ತಾನಾಗಿಯೇ ದಾಟಬಲ್ಲದು. ಆದರೆ ಔಷಧಕ್ಕೆ ಬಗ್ಗದ ಅನೇಕ ಕ್ಯಾನ್ಸರ್ ಕೋಶಗಳ ಪೊರೆಯಲ್ಲಿ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪುಗಳು ತುಂಬಿರುತ್ತವೆ. ಬಂದ ಅಣುವನ್ನು ಪೊರೆಯಲ್ಲೇ ಹಿಡಿದು ಹೊರಗೆ ದಬ್ಬುತ್ತವೆ.

ಕಣ ಬರುವ ದಾರಿಯೇ ಬೇರೆ. ಸುಮಾರು 100 ನ್ಯಾನೊಮೀಟರಿನ ಕಣ ತಾಗಿದ ಕಡೆ ಪೊರೆ ಒಳಕ್ಕೆ ಕುಳಿಬೀಳುತ್ತದೆ, ಕಣವನ್ನು ಸುತ್ತಿಕೊಳ್ಳುತ್ತದೆ, ಬಾಯಿ ಕಟ್ಟಿದ ಚೀಲವಾಗಿ ಕಳಚಿಕೊಂಡು ಒಳಗೆ ಸಾಗುತ್ತದೆ. ಇದೇ ಎಂಡೊಸೈಟೋಸಿಸ್. ಕೋಶ ಕಬ್ಬಿಣ, ಕೊಲೆಸ್ಟರಾಲ್ ತರಿಸಿಕೊಳ್ಳುವುದೂ ಹೀಗೆಯೇ. ಪಂಪು ಹಿಡಿಯುವುದು ಬಿಡಿ ಅಣುವನ್ನು. ಚೀಲದೊಳಗಿನ ಗಂಟು ಅದಕ್ಕೆ ಸಿಗುವುದಿಲ್ಲ. ಹುಳಿಯ ಅಳತೆ ಪಿಎಚ್; ಅದು ಇಳಿದಷ್ಟೂ ಹುಳಿ ಹೆಚ್ಚು. ರಕ್ತದ ಪಿಎಚ್ 7.4 ಆದರೆ ಆ ಚೀಲದೊಳಗೆ ಅದು ಬರಬರುತ್ತಾ 5ರ ಹತ್ತಿರಕ್ಕೆ ಇಳಿಯುತ್ತದೆ. ಆ ಹುಳಿಗೆ ಬಿಚ್ಚಿಕೊಳ್ಳುವ ಪಾಲಿಮರ್ ಆರಿಸಿದರೆ ಔಷಧ ಹೊರಬೀಳುವುದು ಪೊರೆಯ ಬಳಿಯಲ್ಲಲ್ಲ, ಕೋಶದ ಒಡಲಲ್ಲಿ.

ಹೆಚ್ಚು ಬಳಕೆಯ ಪಾಲಿಮರ್ ಪಿಎಲ್‌ಜಿಎ. ಆಪರೇಷನ್ ಆದ ಮೇಲೆ ತಾನಾಗಿ ಕರಗುವ ಹೊಲಿಗೆ ದಾರವೂ ಇದೇ ಜಾತಿಯದು. ಕರಗಿದಾಗ ಉಳಿಯುವ ಎರಡು ಆಮ್ಲಗಳಲ್ಲಿ ಒಂದು ಲ್ಯಾಕ್ಟಿಕ್ ಆಮ್ಲ, ಮೊಸರಿಗೆ ಹುಳಿ ಕೊಡುವಂಥದ್ದು.

ಇನ್ನೊಂದು ಲಾಭವೂ ಇದೆ, ರೋಗಿಯ ಪಾಲಿಗೆ ಅದು ಸಣ್ಣದಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಕರಗಿಸಲು ಹರಳೆಣ್ಣೆಯಿಂದ ಮಾಡಿದ ದ್ರಾವಕ ಬಳಸುತ್ತಾರೆ. ಅದು ಕೆಲವರಿಗೆ ತೀವ್ರ ಅಲರ್ಜಿ ತರುವುದರಿಂದ ಮೊದಲೇ ಸ್ಟೀರಾಯ್ಡ್ ಕೊಡಬೇಕಾಗುತ್ತದೆ. ದಕ್ಷಿಣ ಕೊರಿಯಾದಲ್ಲಿ 2007ರಲ್ಲಿ ಒಪ್ಪಿಗೆ ಪಡೆದ ಜೆನೆಕ್ಸಾಲ್-ಪಿಎಂ ಇದೇ ಔಷಧದ ಇನ್ನೊಂದು ರೂಪ; ಅದರಲ್ಲಿ ಆ ದ್ರಾವಕವಿಲ್ಲ, ಅದರ ಜಾಗದಲ್ಲಿ ಪಾಲಿಮರ್ ಕಣಗಳಿವೆ.

ಆದರೂ ಒಂದು ತೊಡಕನ್ನು ನಿಮ್ಮಿಂದ ಮುಚ್ಚಿಡಲಾರೆ. ರಕ್ತಕ್ಕೆ ಇಳಿದ ಕಣವನ್ನು ಯಕೃತ್ತಿನ ಕೋಶಗಳು ಮೊದಲು ನುಂಗಿಬಿಡುತ್ತವೆ. ಅವುಗಳಿಂದ ತಪ್ಪಿಸಲು ಪಿಇಜಿ ಎಂಬ ಪಾಲಿಮರಿನ ಹೊದಿಕೆ ಹಾಕುತ್ತಾರೆ; ಅದೇ ಹೊದಿಕೆ ಕ್ಯಾನ್ಸರ್ ಕೋಶವೂ ಕಣವನ್ನು ನುಂಗದ ಹಾಗೆ ಅಡ್ಡ ನಿಲ್ಲುತ್ತದೆ. ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟುಹಾಕಿ 2016ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಚುಚ್ಚಿದ ನ್ಯಾನೊಕಣಗಳಲ್ಲಿ ಗಡ್ಡೆ ತಲುಪಿದ್ದು ಮಧ್ಯಾಂಕದಲ್ಲಿ ಶೇ. 0.7 ಮಾತ್ರ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳು ಕಣವನ್ನು ಎಷ್ಟು ಪಟ್ಟು ಹೆಚ್ಚು ನುಂಗಿದವು ಎಂಬ ಸುದ್ದಿ ಓದುವಾಗಲೆಲ್ಲ ನನಗೆ ಈ ಅಂಕಿಯೇ ನೆನಪಾಗುತ್ತದೆ.